ಶೋಲೆ ಬೆಟ್ಟ ಅಂತಾರೆ, ಆದ್ರೆ ರಾಮದೇವರ ಬೆಟ್ಟದ ಕಥೆ ಬೇರೆ ಇದೆ

ರಾಮನಗರ: ಬೆಂಗಳೂರು ಕಡೆಯಿಂದ ಬರೋ ಪ್ರವಾಸಿಗರಲ್ಲಿ ಬಹಳ ಜನ ಕೇಳೋದು ‘ಶೋಲೆ ಬೆಟ್ಟ ಎಲ್ಲಿ?’ ಅಂತ. ರಾಮದೇವರ ಬೆಟ್ಟ ಅಂದ್ರೆ ಎಷ್ಟೋ ಜನಕ್ಕೆ ಗೊತ್ತಾಗಲ್ಲ. ಒಂದು ಸಿನಿಮಾ ಊರಿನ ಗುರುತನ್ನೇ ಬದಲಿಸಿದ್ದು ಹೇಗೆ? ಇಲ್ಲಿದೆ ಮಾಹಿತಿ.

ಶೂಟಿಂಗ್ ಯಾವಾಗ?

ರಮೇಶ್ ಸಿಪ್ಪಿ ನಿರ್ದೇಶನದ ‘ಶೋಲೆ’ ಚಿತ್ರೀಕರಣ ಇಲ್ಲಿ ಶುರುವಾಗಿದ್ದು 1973ರ ಅಕ್ಟೋಬರ್‌ನಲ್ಲಿ. ಬಿಡುಗಡೆಯಾಗಿದ್ದು 1975ರ ಆಗಸ್ಟ್ 15ರಂದು. ಕಲಾ ನಿರ್ದೇಶಕ ರಾಮ್ ಯೆಡೇಕರ್ ಬೆಟ್ಟದ ಬುಡದಲ್ಲಿ ‘ರಾಮಗಢ’ ಅನ್ನೋ ಹಳ್ಳಿಯ ಸೆಟ್ ಹಾಕಿಸಿದ್ರು. ಹೆದ್ದಾರಿಯಿಂದ ಅಲ್ಲಿಗೆ ರಸ್ತೆಯನ್ನೂ ಮಾಡಿಸಲಾಯಿತು. ಸೆಟ್ ಈಗಿಲ್ಲ. ಸಿಪ್ಪಿನಗರ ಅನ್ನೋ ಹೆಸರು ಮಾತ್ರ ಕೆಲವರ ಬಾಯಲ್ಲಿ ಉಳಿದಿದೆ.

ರಾಮಗಢ ಎಲ್ಲಿಯದು?

ಕುದುರೆ ಮೇಲೆ ಬರೋ ಡಕಾಯಿತರು, ಪೊಲೀಸರಿಲ್ಲದ ಹಳ್ಳಿ, ಬೋಳು ಬಂಡೆ, ಬಂದೂಕು. ಇದೆಲ್ಲ ಹಾಲಿವುಡ್ ಕೌಬಾಯ್ ಸಿನಿಮಾಗಳ ಅಚ್ಚು. ಗಬ್ಬರ್ ಸಿಂಗ್ ಹೆಸರು 1950ರ ದಶಕದಲ್ಲಿ ಗ್ವಾಲಿಯರ್ ಸುತ್ತಮುತ್ತ ಇದ್ದ ಡಕಾಯಿತನದು. ರೈಲು ದರೋಡೆ ದೃಶ್ಯ ತೆಗೆದಿದ್ದು ಮುಂಬೈ–ಪುಣೆ ಮಾರ್ಗದ ಪನ್ವೇಲ್ ಹತ್ತಿರ. ಅಂದ್ರೆ ಅಚ್ಚು ಅಮೆರಿಕದ್ದು, ಡಕಾಯಿತ ಚಂಬಲ್ ಕಡೆಯವನು, ರೈಲು ಮಹಾರಾಷ್ಟ್ರದ್ದು. ನಮ್ಮದು ಬಂಡೆ ಮಾತ್ರ.

ಬೆಟ್ಟ ಖಾಲಿ ಇರಲಿಲ್ಲ

ಇಂಥ ಸಿನಿಮಾಗೆ ಹೇಳೋರು ಕೇಳೋರು ಇಲ್ಲದ ಬರಡು ನೆಲ ಬೇಕು. ಕ್ಯಾಮೆರಾ ನಮ್ಮ ಬೆಟ್ಟವನ್ನ ಹಾಗೇ ತೋರಿಸ್ತು. ಆದ್ರೆ ಬೆಟ್ಟದ ಮೇಲೆ ರಾಮದೇವರ ಗುಡಿ ಇದೆ. ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಅಂತ ಕರೆಯೋ ಈ ಕಲ್ಲು ಸುಮಾರು 250 ಕೋಟಿ ವರ್ಷ ಹಳೇದು. ಬಂಡೆ ಸಂದುಗಳಲ್ಲಿ ಉದ್ದ ಕೊಕ್ಕಿನ ರಣಹದ್ದು ಗೂಡು ಕಟ್ಟುತ್ತೆ. ದನಗಳಿಗೆ ಕೊಡ್ತಿದ್ದ ಡೈಕ್ಲೋಫೆನಾಕ್ ಔಷಧದಿಂದ ದೇಶದಲ್ಲಿ ರಣಹದ್ದುಗಳು ನಾಶವಾದ ಮೇಲೆ, 2006ರಲ್ಲಿ ಪಶು ಚಿಕಿತ್ಸೆಗೆ ಅದರ ಬಳಕೆ ನಿಷೇಧವಾಯ್ತು. 2012ರಲ್ಲಿ ಈ ಬೆಟ್ಟ ರಣಹದ್ದು ಧಾಮ ಆಯ್ತು.

ಕೆಳಗೆ ಊರೊಳಗೆ ರೇಷ್ಮೆ ಗೂಡಿನ ಮಾರುಕಟ್ಟೆ. ರೈತರು ಗೂಡು ತರ್ತಾರೆ, ಹರಾಜು ಆಗುತ್ತೆ, ರೀಲರ್‌ಗಳು ಕೊಂಡು ನೂಲು ಬಿಚ್ಚಿಸ್ತಾರೆ. ಈ ಊರಿನ ಎಷ್ಟೋ ಮನೆಗಳ ಅನ್ನ ಇದು. ಸಿನಿಮಾದ ರಾಮಗಢದಲ್ಲಿ ಹುಡುಕಿದ್ರೂ ಒಂದು ಗೂಡು ಸಿಗಲ್ಲ.

ಈಗ ಈ ಮಾತು ಯಾಕೆ?

ಈ ಊರು ಮೊದಲು ಕ್ಲೋಸ್‌ಪೇಟೆ ಆಗಿತ್ತು, ಆಮೇಲೆ ರಾಮನಗರ ಆಯ್ತು. 2007ರಲ್ಲಿ ಅದೇ ಹೆಸರಿನ ಜಿಲ್ಲೆಯೂ ಆಯ್ತು. 2025ರಲ್ಲಿ ಜಿಲ್ಲೆಗೆ ಬೆಂಗಳೂರು ದಕ್ಷಿಣ ಅಂತ ಹೆಸರಿಡಲು ಸಚಿವ ಸಂಪುಟ ಒಪ್ಪಿತು. ಜಿಲ್ಲೆಯ ಹೆಸರು ಹೋದ ಮೇಲೆ ಹೊರಗಿನವರ ನೆನಪಲ್ಲಿ ಉಳಿಯೋದು ಬರೀ ಶೋಲೆ ಆಗಬಾರದು.

ಶೋಲೆಯಿಂದ ಊರಿಗೆ ಲಾಭ ಇಲ್ಲ ಅಂತಲ್ಲ. ಟೀ ಅಂಗಡಿ, ಆಟೋ, ಎಳನೀರು ಗಾಡಿಯವರಿಗೆ ಪ್ರವಾಸಿಗರಿಂದ ನಾಲ್ಕು ಕಾಸು ಬರುತ್ತೆ. ಶೋಲೆ ಬೆಟ್ಟ ಕೇಳಿದವರಿಗೆ ದಾರಿ ತೋರಿಸಿ. ಹಾಗೇ ರಾಮದೇವರ ಬೆಟ್ಟ ಅನ್ನೋ ಹೆಸರೂ ಹೇಳಿ, ಗೂಡಿನ ಮಾರುಕಟ್ಟೆ, ಮೈಸೂರು ರಸ್ತೆಯ ಜಾನಪದ ಲೋಕವನ್ನೂ ತಿಳಿಸಿ. ಇನ್ನೊಂದು ಮಾತು: ಬೆಟ್ಟ ಹತ್ತಿ ಗಬ್ಬರ್ ಡೈಲಾಗ್ ಕೂಗಬೇಡಿ ಅಂತಾನೂ ಹೇಳಿ. ಗಲಾಟೆ ಜಾಸ್ತಿಯಾದ್ರೆ ಗೂಡಲ್ಲಿ ಕೂತ ಹದ್ದು ಎದ್ದು ಹೋಗುತ್ತೆ.