ಕಾಮಾಲೆಗೆಂದು ತೆಗೆದಿಟ್ಟ ರಕ್ತ

1978ರ ನವೆಂಬರ್‌ನಲ್ಲಿ ನ್ಯೂಯಾರ್ಕ್ ರಕ್ತ ಕೇಂದ್ರದಲ್ಲಿ ಹೆಪಟೈಟಿಸ್ ಬಿ ವಿರುದ್ಧದ ಲಸಿಕೆಯೊಂದರ ಪರೀಕ್ಷೆ ಆರಂಭವಾಯಿತು. ಪೋಲೆಂಡ್ ಮೂಲದ ವೈದ್ಯ ವುಲ್ಫ್ ಸ್ಮುನೆಸ್ ಅದರ ಹೊಣೆ ಹೊತ್ತಿದ್ದರು. ರಕ್ತ ಮತ್ತು ಲೈಂಗಿಕ ಸಂಪರ್ಕದ ಮೂಲಕ, ಹೆರಿಗೆಯ ವೇಳೆ ತಾಯಿಯಿಂದ ಮಗುವಿಗೆ ಹರಡಿ ಯಕೃತ್ತಿನಲ್ಲಿ ನೆಲೆ ನಿಲ್ಲುವ ಈ ಕಾಮಾಲೆ, ಆ ನಗರದ ಸಲಿಂಗಕಾಮಿ ಪುರುಷರಲ್ಲಿ ಬಹಳ ಹೆಚ್ಚಾಗಿತ್ತು. ಅವರಲ್ಲೇ 1,083 ಮಂದಿ ಸ್ವಇಚ್ಛೆಯಿಂದ ತೋಳು ಒಡ್ಡಿದರು. ಅರ್ಧದಷ್ಟು ಮಂದಿಗೆ ಲಸಿಕೆ, ಉಳಿದವರಿಗೆ ಮದ್ದಿಲ್ಲದ ಹುಸಿ ಚುಚ್ಚುಮದ್ದು. ಆಗಾಗ ಅವರಿಂದ ತೆಗೆದ ರಕ್ತವನ್ನು ಹೆಪ್ಪುಗಟ್ಟಿಸಿ ಕಾಪಿಡಲಾಯಿತು. ಸ್ಯಾನ್‌ಫ್ರಾನ್ಸಿಸ್ಕೋದಲ್ಲೂ ಅದೇ ವರ್ಷಗಳಲ್ಲಿ ಹೆಪಟೈಟಿಸ್ ಬಿ ಅಧ್ಯಯನಕ್ಕಾಗಿ ಆರೂವರೆ ಸಾವಿರಕ್ಕೂ ಹೆಚ್ಚು ಪುರುಷರ ರಕ್ತ ಸಂಗ್ರಹವಾಯಿತು.

ಲಸಿಕೆ ಗೆದ್ದಿತು. 1980ರಲ್ಲಿ ಫಲಿತಾಂಶ ಪ್ರಕಟವಾಗಿ, 1981ರ ನವೆಂಬರ್‌ನಲ್ಲಿ ಅಮೆರಿಕದಲ್ಲಿ ಬಳಕೆಗೆ ಅನುಮತಿಯೂ ಸಿಕ್ಕಿತು. ಆದರೆ ಅದೇ ವರ್ಷದ ಜೂನ್ 5ರಂದು ಲಾಸ್ ಏಂಜಲಿಸ್‌ನ ಐವರು ಯುವಕರಿಗೆ ತಗುಲಿದ ವಿಚಿತ್ರ ನ್ಯುಮೋನಿಯಾದ ವರದಿ ಹೊರಬಿದ್ದಿತ್ತು. ಅದು ಏಡ್ಸ್‌ನ ಮೊದಲ ಸುದ್ದಿ. ಪ್ಯಾರಿಸ್‌ನ ಪಾಸ್ಚರ್ ಸಂಸ್ಥೆಯಲ್ಲಿ ಅದರ ವೈರಾಣು ಪತ್ತೆಯಾದದ್ದು 1983ರಲ್ಲಿ. ರಕ್ತಪರೀಕ್ಷೆ ಬಳಕೆಗೆ ಬಂದದ್ದು 1985ರಲ್ಲಿ.

ಆಗ ಸಂಶೋಧಕರಿಗೆ ಹಳೆಯ ಸೀಸೆಗಳ ನೆನಪಾಯಿತು. ಸ್ಯಾನ್‌ಫ್ರಾನ್ಸಿಸ್ಕೋದ ಪುರುಷರಲ್ಲಿ ಆಯ್ದ ಕೆಲವರ ರಕ್ತ ಪರೀಕ್ಷಿಸಿದಾಗ, 1978ರಲ್ಲಿ ನೂರಕ್ಕೆ ಐವರಿಗಿಂತ ಕಡಿಮೆ ಜನರಲ್ಲಿದ್ದ ಸೋಂಕು 1984ರ ಹೊತ್ತಿಗೆ ಮೂರರಲ್ಲಿ ಎರಡು ಪಾಲು ಮಂದಿಗೆ ಹಬ್ಬಿದ್ದು ಕಂಡಿತು. ನ್ಯೂಯಾರ್ಕಿನ ಮಾದರಿಗಳಲ್ಲೂ 1978–79ರಲ್ಲೇ ನೂರಕ್ಕೆ ಆರೇಳು ಮಂದಿಗೆ ಎಚ್‌ಐವಿ ತಗುಲಿತ್ತು. ಏಡ್ಸ್ ಎಂಬ ಹೆಸರೇ ಹುಟ್ಟದಿದ್ದ ಕಾಲದ ಚರಿತ್ರೆಯನ್ನು ಕಾಮಾಲೆಗೆಂದು ತೆಗೆದಿಟ್ಟ ರಕ್ತ ಬರೆದಿಟ್ಟಿತ್ತು. ಸ್ಮುನೆಸ್ ಮಾತ್ರ ಇದನ್ನು ಕಾಣಲಿಲ್ಲ. 1982ರಲ್ಲೇ ಅವರು ತೀರಿಕೊಂಡಿದ್ದರು.

ಲಸಿಕೆಯೇ ಏಡ್ಸ್ ಹರಡಿತೆಂಬ ಗುಲ್ಲೂ ಎದ್ದಿತು. ಆ ಲಸಿಕೆ ಸೋಂಕಿತರ ರಕ್ತದಿಂದಲೇ ತಯಾರಾಗುತ್ತಿದ್ದುದರಿಂದ ಭಯ ಅಸಹಜವೇನಲ್ಲ. ಆದರೆ ಪೆಪ್ಸಿನ್, ಯೂರಿಯಾ, ಫಾರ್ಮಲಿನ್‌ಗಳ ಸಂಸ್ಕಾರದಲ್ಲಿ ಎಚ್‌ಐವಿ ಉಳಿಯಲಾರದು. ಸ್ಯಾನ್‌ಫ್ರಾನ್ಸಿಸ್ಕೋದ 1978ರ ಸೀಸೆಗಳಂತೂ ಆ ಊರಿಗೆ ಲಸಿಕೆ ಕಾಲಿಡುವ ಮೊದಲಿನವು.

ಎರಡೂ ವೈರಾಣುಗಳು ಒಂದೇ ದಾರಿಯಲ್ಲಿ ಬರುತ್ತವೆ; ಹಾಗಾಗಿ ಎರಡೂ ಒಬ್ಬರಲ್ಲೇ ಸೇರುವುದು ಆಶ್ಚರ್ಯವಲ್ಲ. ಸೇರಿದ ಮೇಲೆ ನಡೆಯುವುದು ವಿಚಿತ್ರ. ಹೆಪಟೈಟಿಸ್ ಬಿ ವೈರಾಣು ಯಕೃತ್ತಿನ ಜೀವಕೋಶಗಳನ್ನು ತಾನಾಗಿ ಕೊಲ್ಲುವುದು ಕಡಿಮೆ. ಸೋಂಕು ತಗುಲಿದ ಕೋಶಗಳ ಮೇಲೆ ದೇಹದ ರಕ್ಷಣಾ ಪಡೆಯೇ ಎರಗುತ್ತದೆ, ಹಾನಿ ಬಹುಪಾಲು ಆ ಕಾಳಗದ್ದು. ಎಚ್‌ಐವಿ ಕೆಡಿಸುವುದು ಈ ಪಡೆಯನ್ನೇ. ಪರಿಣಾಮವಾಗಿ, ಚಿಕಿತ್ಸೆ ಪಡೆಯದವರ ರಕ್ತದಲ್ಲಿ ಹೆಪಟೈಟಿಸ್ ಬಿ ವೈರಾಣು ಹೇರಳವಾಗಿ ಬೆಳೆಯುತ್ತದೆ. ಆದರೂ ಯಕೃತ್ತಿನ ಮಾಮೂಲು ಪರೀಕ್ಷೆಯ ಅಂಕಿ ಅಷ್ಟೇನೂ ಏರಿರುವುದಿಲ್ಲ. ಚೀಟಿ ನೋಡಿದವರಿಗೆ ಸಮಾಧಾನ, ಒಳಗೆ ಯಕೃತ್ತು ಗಟ್ಟಿಯಾಗಿ ಕುಗ್ಗುವ ಸಿರೋಸಿಸ್. ಆರೋಗ್ಯವಂತ ವಯಸ್ಕರಿಗೆ ಹೆಪಟೈಟಿಸ್ ಬಿ ತಗುಲಿದರೆ ಅದು ಶಾಶ್ವತವಾಗಿ ಉಳಿಯುವುದು ನೂರಕ್ಕೆ ಐವರಲ್ಲಿಯೂ ಇಲ್ಲ. ಎಚ್‌ಐವಿ ಮೊದಲೇ ಇದ್ದವರಲ್ಲಿ ಈ ಪ್ರಮಾಣ ಹಲವು ಪಟ್ಟು ಹೆಚ್ಚು.

ಆರಂಭದ ವರ್ಷಗಳಲ್ಲಿ ಇದನ್ನು ಯಾರೂ ದೊಡ್ಡದಾಗಿ ಎಣಿಸಲಿಲ್ಲ. ರೋಗಿಗಳು ಕ್ಷಯ, ನ್ಯುಮೋನಿಯಾಗಳಿಂದ ಬೇಗ ಸಾಯುತ್ತಿದ್ದರು, ಯಕೃತ್ತಿನ ಸರದಿ ಬರುತ್ತಲೇ ಇರಲಿಲ್ಲ. 1996ರಲ್ಲಿ ಹಲವು ಔಷಧಗಳ ಸಂಯುಕ್ತ ಚಿಕಿತ್ಸೆ ಬಂದು ಆಯುಷ್ಯ ಬೆಳೆದಾಗ ಆ ಸರದಿ ಬಂತು. ಅಮೆರಿಕದ ಐದು ಸಾವಿರಕ್ಕೂ ಹೆಚ್ಚು ಪುರುಷರನ್ನು 1984ರಿಂದ ಗಮನಿಸುತ್ತ ಬಂದ ಅಧ್ಯಯನದ ಲೆಕ್ಕ 2002ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಯಕೃತ್ತಿನ ಕಾಯಿಲೆಯಿಂದಾದ ಸಾವು ಹೆಪಟೈಟಿಸ್ ಬಿ ಮಾತ್ರ ಇದ್ದವರಲ್ಲಿ ವರ್ಷಕ್ಕೆ ಸಾವಿರಕ್ಕೆ 0.8, ಎಚ್‌ಐವಿ ಮಾತ್ರ ಇದ್ದವರಲ್ಲಿ 1.7; ಎರಡೂ ಇದ್ದವರಲ್ಲಿ 14.2!

ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ, ಮದ್ರಾಸಿನಲ್ಲಿ, ಡಾ. ಸುನೀತಿ ಸಾಲೊಮನ್ ಅವರ ತಂಡದಿಂದ. ಉಚಿತ ಔಷಧಕ್ಕೆ 2004ರ ಏಪ್ರಿಲ್ 1ರವರೆಗೆ ಕಾಯಬೇಕಾಯಿತು. ಸೋಂಕು ಹೆಚ್ಚಿದ್ದ ಆರು ರಾಜ್ಯಗಳಿಂದ ಅದು ಆರಂಭವಾಯಿತು, ಕರ್ನಾಟಕವೂ ಅವುಗಳಲ್ಲಿ ಒಂದು. ಆಗಿನ ಮೂರು ಔಷಧಗಳ ಗುಳಿಗೆಯಲ್ಲಿ ಹೆಪಟೈಟಿಸ್ ಬಿ ಮೇಲೂ ಕೆಲಸ ಮಾಡುತ್ತಿದ್ದುದು ಲ್ಯಾಮಿವುಡಿನ್ ಒಂದೇ. ಒಂಟಿ ಔಷಧವನ್ನು ವೈರಾಣು ಬೇಗ ಪಳಗಿಸಿಕೊಳ್ಳುತ್ತದೆ: ಎರಡೂ ಸೋಂಕು ಇದ್ದವರಲ್ಲಿ ನಾಲ್ಕು ವರ್ಷಕ್ಕೆ ಹತ್ತರಲ್ಲಿ ಒಂಬತ್ತು ಮಂದಿಗೆ ಅದು ನಾಟದಂತಾಗುತ್ತದೆಂದು ಫ್ರಾನ್ಸಿನ ವೈದ್ಯರು 1999ರಲ್ಲೇ ತೋರಿಸಿದ್ದರು. ಹೆಪಟೈಟಿಸ್ ಬಿ ಇದೆಯೇ ಎಂದು ಮೊದಲೇ ನೋಡದೆ ಗುಳಿಗೆ ಕೊಟ್ಟ ಕಡೆ ಈ ಸೋಲು ಕಣ್ಣಿಗೆ ಬೀಳುವ ಸಂಭವವೂ ಇರಲಿಲ್ಲ.

ಈಗ ಬಳಕೆಯಲ್ಲಿರುವ ಟೆನೊಫೊವಿರ್ ಎರಡನ್ನೂ ಅಡಗಿಸುತ್ತದೆ, ಲ್ಯಾಮಿವುಡಿನ್‌ನ ಜೊತೆಗೂಡಿ ದಿನಕ್ಕೊಂದೇ ಗುಳಿಗೆಯಾಗಿ ಸಿಗುತ್ತದೆ. ಗುಣವಾಯಿತೆಂದು ಬಗೆದು ನಡುವೆ ಬಿಟ್ಟರೆ ಮಾತ್ರ ಹೆಪಟೈಟಿಸ್ ಬಿ ಒಮ್ಮೆಲೇ ಕೆರಳಿ ಯಕೃತ್ತು ಕೈಕೊಡುವುದುಂಟು. ಆದ್ದರಿಂದಲೇ ಎರಡೂ ಸೋಂಕು ಇದ್ದವರ ಎಚ್‌ಐವಿ ಔಷಧವನ್ನು ಬದಲಿಸುವಾಗಲೂ ಟೆನೊಫೊವಿರನ್ನು ಕೈಬಿಡದೆ ವೈದ್ಯರು ಮುಂದುವರಿಸುತ್ತಾರೆ.