ಸೆನೊಟಾಫ್ (ಬೆಂಗಳೂರು)

ಬೆಂಗಳೂರಿನ ಹಡ್ಸನ್ ವೃತ್ತದ ಬಳಿ ನಿಂತಿದ್ದ ಕಲ್ಲಿನ ಸ್ಮಾರಕಸ್ತಂಭ. ಮೂರನೆಯ ಮೈಸೂರು ಯುದ್ಧದಲ್ಲಿ ಮಡಿದ ಈಸ್ಟ್ ಇಂಡಿಯಾ ಕಂಪನಿ ಪಡೆಯವರ ನೆನಪಿಗಾಗಿ ಎದ್ದ ಇದನ್ನು, ಕನ್ನಡ ಚಳವಳಿಗಾರರ ಒತ್ತಾಯದ ಹಿನ್ನೆಲೆಯಲ್ಲಿ, ನಗರಪಾಲಿಕೆ 1964ರ ಅಕ್ಟೋಬರ್ 28ರಂದು ಕೆಡವಿತು. ಇದರ ಹೆಸರು ಹೊತ್ತಿದ್ದ ರಸ್ತೆ ಇಂದು ನೃಪತುಂಗ ರಸ್ತೆ. ಅಧಿಕಾರದ ಗುರುತಾಗಿ ನಿಂತ ಕಲ್ಲನ್ನು ಊರು ತನ್ನ ನಡುಬೀದಿಯಿಂದ ತೆಗೆಯುವುದು ನ್ಯಾಯವಾದದ್ದೇ. ಆದರೆ ಕಲ್ಲಿನ ಜೊತೆಗೆ ಅದರ ಕಥೆಯನ್ನೂ ಕಳೆದುಕೊಂಡರೆ ಆ ನ್ಯಾಯ ಅರ್ಧಕ್ಕೇ ನಿಲ್ಲುತ್ತದೆ. ಸೆನೊಟಾಫಿನ ಇತಿಹಾಸ ಈ ಎರಡನ್ನೂ ತೋರಿಸಿಕೊಡುತ್ತದೆ.

ಆ ಯುದ್ಧದಲ್ಲಿ ಕಂಪನಿಯ ಸೇನಾಧಿಪತಿ ಕಾರ್ನ್‌ವಾಲಿಸನ ಸೇನೆ 1791ರ ಮಾರ್ಚ್ 7ರಂದು ಬೆಂಗಳೂರು ಪೇಟೆಯನ್ನೂ 21ರ ರಾತ್ರಿ ಕೋಟೆಯನ್ನೂ ಹಿಡಿಯಿತು. ಪೇಟೆಯ ಬಾಗಿಲಲ್ಲಿ ಕಂಪನಿಯ ಕರ್ನಲ್ ಮೂರ್‌ಹೌಸ್ ಸತ್ತ. ಕೋಟೆ ಕಾಯುತ್ತ ಮೈಸೂರಿನ ಕಿಲ್ಲೇದಾರ ಬಹಾದ್ದೂರ್ ಖಾನ್ ಸತ್ತ. ಅದೇ ವರ್ಷ ಅಕ್ಟೋಬರ್ 19ರಂದು ನಂದಿದುರ್ಗ ಬಿತ್ತು. ಮೈಸೂರನ್ನು ಆಳುತ್ತಿದ್ದ ಟಿಪ್ಪುವಿನ ಕಾಲದಲ್ಲಿ ಭದ್ರಗೊಂಡ ಅಂಬಾಜಿದುರ್ಗವೂ ನೆರೆಯ ರಹಮಾನ್‌ಗಢವೂ ಇದೇ ಕೋಟೆಸಾಲಿಗೆ ಸೇರಿದವು. ಹೀಗೆ ಯುದ್ಧ ಇಡೀ ಸೀಮೆಯದಾಗಿತ್ತು, ಸತ್ತವರು ಎರಡೂ ಕಡೆಯವರಾಗಿದ್ದರು; ಸ್ತಂಭ ಎದ್ದದ್ದು ಮಾತ್ರ ಗೆದ್ದವರ ಕಡೆಯವರಿಗೆ. ಯಾರ ಸಾವು ನೆನಪಿಗೆ ಯೋಗ್ಯ ಎಂಬುದನ್ನು ಗೆದ್ದವರೇ ತೀರ್ಮಾನಿಸಿ ಊರಿನ ನಡುವೆ ನಿಲ್ಲಿಸಿದ ಕಲ್ಲು ಅದು. ಸ್ವತಂತ್ರವಾದ ಊರು ಆ ತೀರ್ಮಾನವನ್ನು ಮರುಪರಿಶೀಲಿಸಿದ್ದರಲ್ಲಿ ತಪ್ಪಿಲ್ಲ.

ಇತಿಹಾಸ ಅಳಿಸಿಹೋಗುತ್ತದೆ ಎಂಬುದು ತೆರವಿನ ವಿರುದ್ಧ ಕೇಳಿಬರುವ ಮೊದಲ ಆಕ್ಷೇಪ. ಆದರೆ ಸ್ಮಾರಕ ಬೇರೆ, ಇತಿಹಾಸ ಬೇರೆ. ಮುತ್ತಿಗೆಯ ವಿವರ ಗ್ರಂಥಗಳಲ್ಲಿದೆ. ಕಂಪನಿ ಸೇನೆ ನುಗ್ಗಿದ ಜಾಗವನ್ನು ಹೇಳುವ ಫಲಕ ಬೆಂಗಳೂರು ಕೋಟೆಯ ಗೋಡೆಯ ಮೇಲೆ ಈಗಲೂ ಇದೆ. ಸತ್ತ ಸಾಮಾನ್ಯ ಸಿಪಾಯಿಯ ಮೇಲೇಕೆ ಹಗೆ ಎಂಬುದು ಎರಡನೆಯ ಆಕ್ಷೇಪ, ಇದು ತೂಕದ್ದು. ಕಂಪನಿ ಪಡೆಯಲ್ಲಿ ಮದ್ರಾಸು ಸೀಮೆಯ ಬಡ ಸಿಪಾಯಿಗಳೂ ಇದ್ದರು. ಅವರಿಗೆ ಶೋಕ ಸಲ್ಲಬೇಕು. ಆದರೆ ಶೋಕಕ್ಕೆ ಸಮಾಧಿಯಿದೆ, ವಸ್ತುಸಂಗ್ರಹಾಲಯವಿದೆ. ನಡುಬೀದಿಯ ಸ್ತಂಭ ಶೋಕದ ಜೊತೆಗೆ ಗೆಲುವನ್ನೂ ಸಾರುತ್ತದೆ. 1964ರ ನಿಜವಾದ ಕೊರತೆ ಬೇರೆಡೆ ಇದೆ. ಕಲ್ಲನ್ನು ಉಳಿಸಿ, ಎರಡೂ ಕಡೆಯ ಸಾವನ್ನು ಹೇಳುವ ವಿವರಣೆಯೊಂದಿಗೆ ಬೇರೆಡೆ ಇಡಬಹುದಿತ್ತು. ಕೆಡವಿದ್ದರಿಂದ ಮೂರ್‌ಹೌಸನ ಜೊತೆ ಬಹಾದ್ದೂರ್ ಖಾನನನ್ನೂ ನೆನೆಯುವ ಅವಕಾಶ ತಪ್ಪಿತು.

ಮುಂದಿನ ತಲೆಮಾರು ಬೇರೆ ದಾರಿ ಹಿಡಿಯಿತು. 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ನನ ಪ್ರತಿಮೆ ಅಠಾರಾ ಕಚೇರಿಯ, ಇಂದಿನ ಹೈಕೋರ್ಟಿನ, ಆವರಣದಲ್ಲಿತ್ತು. 2020ರ ಜೂನ್‌ನಲ್ಲಿ ಅದನ್ನು ಒಡೆಯದೆ ಕಬ್ಬನ್ ಉದ್ಯಾನದೊಳಕ್ಕೆ ಸಾಗಿಸಲಾಯಿತು. ಅಮೆರಿಕದಲ್ಲಿ ಕಪ್ಪುವರ್ಣೀಯ ಜಾರ್ಜ್ ಫ್ಲಾಯ್ಡ್ ಹತ್ಯೆಯ ನಂತರ ವರ್ಣನ್ಯಾಯದ ಚಳವಳಿ ಭುಗಿಲೆದ್ದಿದ್ದ ದಿನಗಳವು. ಅಲ್ಲೂ ಪ್ರತಿಮೆಗಳ ಪ್ರಶ್ನೆ ಎದ್ದಿತು. ಅಂತರ್ಯುದ್ಧದಲ್ಲಿ ಗುಲಾಮಗಿರಿಯ ಪರವಾಗಿ ಕಾದಾಡಿದ ದಕ್ಷಿಣದ ಸಂಸ್ಥಾನಗಳ ಸೇನಾನಿ ರಾಬರ್ಟ್ ಲೀಯ ಪ್ರತಿಮೆ ರಿಚ್‌ಮಂಡ್ ನಗರದಲ್ಲಿ ಎದ್ದದ್ದು ಯುದ್ಧ ಮುಗಿದು 25 ವರ್ಷಗಳಾದ ಮೇಲೆ, 1890ರಲ್ಲಿ. ಇಳಿದದ್ದು 2021ರ ಸೆಪ್ಟೆಂಬರ್ 8ರಂದು. ಎರಡೂ ಊರುಗಳನ್ನು ಒಂದೇ ತಕ್ಕಡಿಯಲ್ಲಿ ತೂಗಲಾಗದು: ಅಲ್ಲಿ ಗುಲಾಮರ ವಂಶಜರು ಇಂದಿಗೂ ಸಮಾನತೆಗಾಗಿ ಹೋರಾಡುತ್ತಿದ್ದಾರೆ, ಇಲ್ಲಿ ಆಳಿದವರು ಹೊರಟುಹೋಗಿದ್ದರು, ಹೋರಾಟದ ಹಿಂದೆ ಇದ್ದದ್ದು ನಾಡುನುಡಿಯ ಅಭಿಮಾನ. ಆದರೂ ಬೀದಿ ಯಾರದು ಎಂಬ ಪ್ರಶ್ನೆ ಎರಡೂ ಕಡೆ ಒಂದೇ.

ಅದಕ್ಕೆ ಉತ್ತರ ತೆರವಿನಲ್ಲಿ ಮಾತ್ರ ಸಿಗದು, ಕಟ್ಟುವುದರಲ್ಲೂ ಇದೆ. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಗುಂಡಿಗೆ ಬಲಿಯಾದವರ ನೆನಪಿಗೆ ಅಲ್ಲಿಂದು ಸ್ಮಾರಕವಿದೆ. ಗೆದ್ದವರ ಕಲ್ಲು ಇಳಿಸಿದ ಸೀಮೆಗೆ, ಹೆಸರಿಲ್ಲದೆ ಸತ್ತವರನ್ನು ಹೀಗೆ ಹೆಸರು ಹಿಡಿದು ಕರೆಯುವ ಹೊಣೆಯೂ ಇದೆ.