ಡಾಂಬರಿನ ಚುಕ್ಕೆ, ಕಾರಿನ ಬಣ್ಣ: ಎರಡು ಇತಿಹಾಸಗಳು ಢಿಕ್ಕಿ ಹೊಡೆದಾಗ

ಕಾರಿನ ಬಾಗಿಲ ಕೆಳಗೆ, ಚಕ್ರದ ಹಿಂದೆ ಅಂಟಿಕೊಂಡ ಕಪ್ಪು ಡಾಂಬರಿನ ಚುಕ್ಕೆಗಳನ್ನು ತೆಗೆಯುವುದು ಹೇಗೆ? ಈ ಪ್ರಶ್ನೆಯನ್ನು ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಎತ್ತಿ ನೋಡಿ, ಆರು ಜನ ಕೂತಿದ್ದರೆ ಏಳು ಉತ್ತರ ಬರುತ್ತವೆ! ಒಬ್ಬ ಪೆಟ್ರೋಲ್ ಅನ್ನುತ್ತಾನೆ, ಇನ್ನೊಬ್ಬ ಸೀಮೆಎಣ್ಣೆ. ಮತ್ತೊಬ್ಬನ ಪ್ರಕಾರ ಥಿನ್ನರ್ ಬಿಟ್ಟರೆ ಬೇರೆ ಗತಿಯಿಲ್ಲ. ಕೊಬ್ಬರಿ ಎಣ್ಣೆ ಅಂದವರನ್ನು ಎಲ್ಲರೂ ಸೇರಿ ನಗುತ್ತಾರೆ. (ನಗಬಾರದು, ಯಾಕೆ ಅಂತ ಮುಂದೆ ಹೇಳ್ತೀನಿ.)

ಈ ಬಗ್ಗೆ ಓದುತ್ತಾ ಹೋದಾಗ ನನಗೆ ಒಂದು ವಿಷಯ ಹೊಳೆಯಿತು. ಈ ಉತ್ತರಗಳಲ್ಲಿ ಪೂರ್ತಿ ತಪ್ಪು ಅನ್ನುವಂಥದ್ದು ಕಡಿಮೆ. ಒಂದೊಂದು ಉಪಾಯವೂ ಒಂದೊಂದು ಕಾಲದ ಬಣ್ಣಕ್ಕೆ ಹುಟ್ಟಿದ್ದು. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ, ಹಳೇ ವರ್ಷನ್‌ಗೆ ಬರೆದ ಪ್ಯಾಚನ್ನು ಹೊಸ ವರ್ಷನ್‌ಗೆ ಹಾಕುತ್ತಿದ್ದೇವೆ ಅಷ್ಟೇ :)

ಮೊದಲು ಆ ಪದದಿಂದಲೇ ಶುರು ಮಾಡೋಣ. ಮಲಯ ಭಾಷೆಯಲ್ಲಿ 'ಡಾಮರ್' ಅಂದರೆ ಮರದಿಂದ ಒಸರುವ ರಾಳ. ಹಡಗಿನ ಹಲಗೆಗಳ ಸಂದುಗಳಲ್ಲಿ ನೀರು ನುಗ್ಗದಂತೆ ಅದನ್ನು ಮೆತ್ತುತ್ತಿದ್ದರು. ಹಡಗಿನ ವ್ಯಾಪಾರದ ಜೊತೆ ಪದವೂ ತಿರುಗಾಡಿತು. ನಮ್ಮ ಪಶ್ಚಿಮ ಘಟ್ಟದ ಧೂಪದ ಮರದ ರಾಳಕ್ಕೆ ಇಂಗ್ಲಿಷಿನಲ್ಲಿ ಇವತ್ತಿಗೂ 'ವೈಟ್ ಡಾಮರ್' ಎಂದೇ ಹೆಸರು. ಮಜಾ ಏನು ಗೊತ್ತಾ? ಇಂಥ ರಾಳಗಳಿಂದಲೇ ಚಿತ್ರಗಳಿಗೆ ಹೊಳಪು ಕೊಡುವ ಡಾಮರ್ ವಾರ್ನಿಷ್ ಮಾಡುತ್ತಾರೆ. ಅಂದರೆ ಹೊಳಪಿಗೂ ಅದೇ ಹೆಸರು, ಹೊಳಪು ಕೆಡಿಸುವ ಕಲೆಗೂ ಅದೇ ಹೆಸರು!

ಇನ್ನು ರಸ್ತೆಯ ಕಥೆ. ಸ್ಕಾಟ್ಲೆಂಡಿನ ಜಾನ್ ಮೆಕ್‌ಆಡಮ್ (1756-1836) ಸಣ್ಣಗೆ ಒಡೆದ ಜಲ್ಲಿಯನ್ನು ಪದರ ಪದರವಾಗಿ ಹಾಸಿ ರಸ್ತೆ ಮಾಡುವ ಕ್ರಮವನ್ನು ಜನಪ್ರಿಯಗೊಳಿಸಿದ. ಆತನ ಹೆಸರು 'ಟಾರ್‌ಮ್ಯಾಕ್' ಪದದಲ್ಲಿ ಉಳಿದಿದೆಯಾದರೂ ಆತನ ರಸ್ತೆಯಲ್ಲಿ ಡಾಂಬರು ಇರಲಿಲ್ಲ. ಗಾಡಿಗಳ ಕಬ್ಬಿಣದ ಪಟ್ಟಿಯ ಚಕ್ರಗಳು ಜಲ್ಲಿಯನ್ನು ಅರೆದು ಪುಡಿ ಮಾಡುತ್ತಿದ್ದವು, ಆ ಪುಡಿಯೇ ಸಂದುಗಳಲ್ಲಿ ಕೂತು ರಸ್ತೆ ಗಟ್ಟಿಯಾಗುತ್ತಿತ್ತು. ಕುದುರೆಗಾಡಿಯ ಕಾಲಕ್ಕೆ ಅದು ಸಾಕಾಗಿತ್ತು.

ಮೋಟಾರು ಬಂದ ಮೇಲೆ ಎಲ್ಲ ಕೆಟ್ಟಿತು. ವೇಗವಾಗಿ ಉರುಳುವ ರಬ್ಬರ್ ಟೈರು ಆ ಪುಡಿಯನ್ನೇ ಎಳೆದು ಗಾಳಿಗೆ ತೂರುತ್ತಿತ್ತು. ಊರೆಲ್ಲ ಧೂಳು. 1902ರಲ್ಲಿ ಮೊನಾಕೋದಲ್ಲಿ ಸ್ವಿಸ್ ವೈದ್ಯ ಗುಗ್ಲಿಯೆಲ್ಮಿನೆಟ್ಟಿ ರಸ್ತೆಗೆ ಡಾಂಬರು ಹಚ್ಚಿಸಿ ಧೂಳು ಅಡಗಿಸಿದರು. ಇದರಿಂದ ಅವರಿಗೆ 'ಡಾಕ್ಟರ್ ಗುದ್ರೋಂ', ಅಂದರೆ 'ಡಾಂಬರು ಡಾಕ್ಟರ್' ಅಂತಲೇ ಅಡ್ಡಹೆಸರು ಬಿತ್ತು. ಗಮನಿಸಿ, ರಸ್ತೆಗೆ ಡಾಂಬರು ಹಾಕಿಸಿದ್ದು ಜನರ ಆರೋಗ್ಯದ ಚಿಂತೆ!

ಅತ್ತ ಇಂಗ್ಲೆಂಡಿನಲ್ಲಿ ನಾಟಿಂಗ್‌ಹ್ಯಾಮ್‌ಶೈರ್ ಕೌಂಟಿಯ ಸರ್ವೇಯರ್ ಎಡ್ಗರ್ ಹೂಲಿಯ ಕಥೆ ಇನ್ನೂ ಸ್ವಾರಸ್ಯ. 1901ರಲ್ಲಿ ಡರ್ಬಿಶೈರಿನ ಡೆನ್‌ಬಿ ಎಂಬಲ್ಲಿ ಹೋಗುವಾಗ ರಸ್ತೆಯ ಒಂದು ತುಂಡು ಮಾತ್ರ ಧೂಳಿಲ್ಲದೆ ನುಣ್ಣಗಿರುವುದನ್ನು ಆತ ನೋಡಿದನಂತೆ. ವಿಚಾರಿಸಿದರೆ, ಅಲ್ಲೊಂದು ಡಾಂಬರಿನ ಪೀಪಾಯಿ ಬಿದ್ದು ಒಡೆದಿತ್ತು. ಕಲೆ ಮುಚ್ಚಲು ಪಕ್ಕದ ಕಬ್ಬಿಣದ ಕಾರ್ಖಾನೆಯ ಕಿಟ್ಟವನ್ನು ಮೇಲೆ ಸುರಿದಿದ್ದರು. 1902ರಲ್ಲಿ ಹೂಲಿ ಪೇಟೆಂಟ್ ತೆಗೆದುಕೊಂಡ. ಕಲೆಯೊಂದನ್ನು ಮುಚ್ಚಲು ಹೋಗಿ ಹುಟ್ಟಿದ ರಸ್ತೆ ಅದು. ಅದರ ಸಂತತಿಯ ಕಲೆಯನ್ನೇ ನಾವೀಗ ಉಜ್ಜುತ್ತಿರುವುದು.

ಆ ಕಾಲದ ಡಾಂಬರು ಕಲ್ಲಿದ್ದಲಿನದು. ಬೀದಿ ದೀಪಕ್ಕೆ ಗ್ಯಾಸ್ ಮಾಡಲು ಕಲ್ಲಿದ್ದಲು ಕಾಯಿಸಿದಾಗ ಉಳಿಯುತ್ತಿದ್ದ ಕಸ. ಇವತ್ತು ನಮ್ಮ ರಸ್ತೆಗಳಿಗೆ ಹಾಕುವುದು ಕಚ್ಚಾ ತೈಲ ಶುದ್ಧೀಕರಿಸಿದ ಮೇಲೆ ತಳದಲ್ಲಿ ಉಳಿಯುವ ಬಿಟುಮಿನ್. ಕಪ್ಪಗಿರುವುದು, ಅಂಟುವುದು ಎರಡಕ್ಕೂ ಸಮಾನ. ನಾವು ಎರಡನ್ನೂ ಡಾಂಬರು ಅಂತಲೇ ಕರೆಯುತ್ತೇವೆ, ಆದರೆ ಎರಡೂ ಬೇರೆ. ಈ ವ್ಯತ್ಯಾಸ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಬಣ್ಣದ ಕಡೆ ಬರೋಣ. ಮೊದಲ ಕಾರುಗಳು ಸಾರೋಟಿನ ತಮ್ಮಂದಿರು. ಬಣ್ಣವೂ ಸಾರೋಟಿನದೇ, ಅಗಸೆ ಎಣ್ಣೆ ಮತ್ತು ರಾಳದ ವಾರ್ನಿಷ್. ಬ್ರಷ್ಷಿನಲ್ಲಿ ಕೋಟಿನ ಮೇಲೆ ಕೋಟು, ಪೂರ್ತಿ ಒಣಗಿ ಮುಗಿಯಲು ವಾರಗಟ್ಟಲೆ. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ, 1914ರಿಂದ 1925ರವರೆಗೆ ಕಪ್ಪು ಬಣ್ಣದಲ್ಲಿ ಮಾತ್ರ ಸಿಗುತ್ತಿತ್ತು. ಆ ಕಪ್ಪಿನಲ್ಲಿ ಏನಿತ್ತು ಅಂತೀರಿ? ಗಿಲ್ಸೊನೈಟ್, ಅಂದರೆ ಅಮೆರಿಕದ ಯೂಟಾ ಪ್ರಾಂತ್ಯದ ನೆಲದಲ್ಲಿ ಸಿಗುವ ನೈಸರ್ಗಿಕ ಆಸ್ಫಾಲ್ಟು! ಡಾಂಬರಿನ ಬಂಧುವನ್ನೇ ಎಣ್ಣೆಯಲ್ಲಿ ಕಲಸಿ ಬಳಿಯುತ್ತಿದ್ದರು. ಅಂಥ ಕಾರಿನ ಮೇಲೆ ಡಾಂಬರಿನ ಚುಕ್ಕೆ ಬಿದ್ದರೆ ಕಾಣುವುದಾದರೂ ಹೇಗೆ :)

1923ರಲ್ಲಿ ಡ್ಯೂಪಾಂಟ್ ಕಂಪನಿಯ 'ಡ್ಯೂಕೋ' ಬಂತು. ಜನರಲ್ ಮೋಟಾರ್ಸ್ ಅದನ್ನು ಓಕ್‌ಲ್ಯಾಂಡ್ ಕಾರಿನ 1924ರ ಮಾಡೆಲ್‌ಗೆ ನೀಲಿ ಬಣ್ಣವಾಗಿ ಬಳಸಿತು. ಇದು ನೈಟ್ರೋಸೆಲ್ಯುಲೋಸ್ ಲ್ಯಾಕರ್. ಗನ್ನಿನಲ್ಲಿ ಸ್ಪ್ರೇ ಮಾಡಿದರೆ ದ್ರಾವಕ ಹಾರಿಹೋಗಿ ಬೇಗ ಒಣಗುತ್ತದೆ. ವಾರಗಳ ಕೆಲಸ ಕೆಲವೇ ದಿನಗಳಿಗೆ ಇಳಿಯಿತು, ಬಣ್ಣಬಣ್ಣದ ಕಾರುಗಳು ಬೀದಿಗೆ ಬಂದವು. ನಮ್ಮ ಬಡಗಿಗಳು ಇವತ್ತಿಗೂ ಬೀರುವಿಗೆ 'ಡ್ಯೂಕೋ ಹೊಡೀಬೇಕು' ಅನ್ನುತ್ತಾರಲ್ಲ, ಆ ಡ್ಯೂಕೋ ಇದೇ.

ಆದರೆ ಲ್ಯಾಕರಿಗೆ ಒಂದು ಗುಣವಿದೆ. ಅದು ಒಣಗಿರುತ್ತದೆ ಅಷ್ಟೇ, ಬದಲಾಗಿರುವುದಿಲ್ಲ. ಮತ್ತೆ ಥಿನ್ನರ್ ಹಾಕಿದರೆ ಮತ್ತೆ ಕರಗುತ್ತದೆ. ಸೀಮೆಎಣ್ಣೆಗೆ ಮಾತ್ರ ಅದು ಕರಗುವುದಿಲ್ಲ, ಡಾಂಬರು ಕರಗುತ್ತದೆ. ಸೀಮೆಎಣ್ಣೆಯ ಉಪಾಯಕ್ಕೆ ಇರುವ ಬಲ ಇದೇ. ಥಿನ್ನರಿನ ಉಪಾಯದಲ್ಲಾದರೋ, ಡಾಂಬರಿನ ಜೊತೆ ಬಣ್ಣವೂ ಬಟ್ಟೆಗೆ ಬರುತ್ತದೆ.

ಆಮೇಲೆ ಎನಾಮೆಲ್‌ಗಳು, ಅಕ್ರಿಲಿಕ್‌ಗಳು ಬಂದವು. 1980ರ ದಶಕದಲ್ಲಿ ಬಣ್ಣದ ಪದರದ ಮೇಲೆ ಪಾರದರ್ಶಕ ಕ್ಲಿಯರ್ ಕೋಟ್ ಹಾಕುವುದು ವಿದೇಶಗಳಲ್ಲಿ ಸಾಮಾನ್ಯವಾಯಿತು. ಇದರ ಅಣುಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ, ಹಾಗಾಗಿ ಲ್ಯಾಕರಿನಂತೆ ಕರಗಿ ಹೋಗುವುದಿಲ್ಲ. ಆದರೆ ಜೋರಾದ ಥಿನ್ನರ್ ಹೆಚ್ಚು ಹೊತ್ತು ನಿಂತರೆ ಉಬ್ಬುತ್ತದೆ, ಮಂಕಾಗುತ್ತದೆ. ದಪ್ಪ ಎಷ್ಟು ಗೊತ್ತಾ? ಸುಮಾರು 40-50 ಮೈಕ್ರಾನ್, ತಲೆಕೂದಲಿಗಿಂತ ತೆಳು. ಈಗ ಬಹುಪಾಲು ಹಾನಿ ಆಗುವುದು ಕರಗಿಸುವುದರಿಂದಲ್ಲ, ಉಜ್ಜುವುದರಿಂದ. ಡಾಂಬರಿನ ಜೊತೆ ಅಂಟಿದ ಮರಳಿನ ಕಣಗಳೇ ಬಟ್ಟೆಯ ಕೆಳಗೆ ಉಪ್ಪುಕಾಗದ ಆಗಿಬಿಡುತ್ತವೆ.

ಇನ್ನು ದ್ರಾವಕದ ಕಥೆ. ಕಲ್ಲಿದ್ದಲಿನ ಡಾಂಬರನ್ನೇ ಬಟ್ಟಿ ಇಳಿಸಿದರೆ ನಾಫ್ತಾ ಸಿಗುತ್ತದೆ. 1823ರಲ್ಲಿ ಚಾರ್ಲ್ಸ್ ಮ್ಯಾಕಿಂತೋಷ್ ಇದರಲ್ಲಿ ರಬ್ಬರ್ ಕರಗಿಸಿ ರೇನ್‌ಕೋಟಿನ ಬಟ್ಟೆ ಮಾಡಿದ. ಡಾಂಬರನ್ನು ಕರಗಿಸಲು ಡಾಂಬರಿನ ಮಗನೇ ಬೇಕು, ಮುಳ್ಳನ್ನು ಮುಳ್ಳಿನಿಂದಲೇ ತೆಗೆದ ಹಾಗೆ. ಎಣ್ಣೆಯಂಥದ್ದು ಎಣ್ಣೆಯಂಥದ್ದರಲ್ಲೇ ಕರಗುವುದು. ಅದಕ್ಕೇ ಕೊಬ್ಬರಿ ಎಣ್ಣೆಯೂ ನಿಧಾನವಾಗಿ ಕೆಲಸ ಮಾಡುತ್ತದೆ. ನಗಬೇಡಿ ಅಂದಿದ್ದು ಇದಕ್ಕೇ!

ಆದರೆ ಈ ಮಗ ಅಪಾಯಕಾರಿ. 1855ರಲ್ಲಿ ಲಂಡನ್ನಿನಲ್ಲಿ ಚಾರ್ಲ್ಸ್ ಮ್ಯಾನ್ಸ್‌ಫೀಲ್ಡ್ ಎಂಬ ರಸಾಯನಶಾಸ್ತ್ರಜ್ಞ ನಾಫ್ತಾ ಬಟ್ಟಿ ಇಳಿಸುವಾಗ ಬೆಂಕಿ ಹತ್ತಿ, ಸುಟ್ಟ ಗಾಯಗಳಿಂದ ತೀರಿಕೊಂಡರು. ವಯಸ್ಸು ಮೂವತ್ತೈದು. ಪೆಟ್ರೋಲಿನ ಡಬ್ಬಿ ಪಕ್ಕದಲ್ಲಿಟ್ಟುಕೊಂಡು ಕಾರು ಒರೆಸುವವರು ಇದನ್ನು ನೆನೆಯಬೇಕು.

ಇನ್ನೂ ಒಂದಿದೆ. 1915ರಲ್ಲಿ ಟೋಕಿಯೋದಲ್ಲಿ ಯಾಮಾಗಿವಾ ಮತ್ತು ಇಚಿಕಾವಾ ಎಂಬಿಬ್ಬರು ಮೊಲದ ಕಿವಿಗೆ ತಿಂಗಳುಗಟ್ಟಲೆ ಕಲ್ಲಿದ್ದಲಿನ ಡಾಂಬರು ಹಚ್ಚಿ ಹಚ್ಚಿ, ಅದರಿಂದ ಕ್ಯಾನ್ಸರ್ ಬರುತ್ತದೆಂದು ತೋರಿಸಿಕೊಟ್ಟರು. 1930ರ ದಶಕದಲ್ಲಿ ಬ್ರಿಟಿಷ್ ವಿಜ್ಞಾನಿಗಳು ಅದರೊಳಗಿನ ಅಪರಾಧಿಯನ್ನು ಹಿಡಿದರು, ಬೆಂಜೋಪೈರೀನ್ ಅಂತ ಹೆಸರು. ಬಿಟುಮಿನ್‌ನಲ್ಲಿ ಇಂಥ ವಸ್ತುಗಳು ಬಹಳ ಕಡಿಮೆ. ಆದರೂ ರಸ್ತೆ ಕೆಲಸದಲ್ಲಿ ಅದರ ಹೊಗೆ ಕುಡಿಯುವುದನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 'ಕ್ಯಾನ್ಸರ್ ತರಬಹುದಾದದ್ದು' ಎಂಬ ಪಟ್ಟಿಯಲ್ಲಿಟ್ಟಿದೆ. ಪೆಟ್ರೋಲಿನಲ್ಲಿ ಬೆಂಜೀನ್ ಇರುತ್ತದೆ. ಅದಂತೂ ರಕ್ತದ ಕ್ಯಾನ್ಸರಿಗೆ ಕಾರಣ ಅಂತ ಖಚಿತವಾಗಿದೆ.

ಹಾಗಾದರೆ ಮಾಡುವುದೇನು? ಇಷ್ಟೇ:

1. ಕಾರನ್ನು ನೆರಳಿನಲ್ಲಿ ನಿಲ್ಲಿಸಿ, ಮೈ ತಣ್ಣಗಾಗಲಿ. ಮೊದಲು ನೀರು, ಶಾಂಪೂ ಹಾಕಿ ಮಣ್ಣು ಮರಳು ಪೂರ್ತಿ ತೊಳೆಯಿರಿ.
2. ಕೈಗೆ ಗ್ಲೌಸ್ ಹಾಕಿಕೊಳ್ಳಿ. ಗಾಳಿ ಆಡುವ ಜಾಗ ಇರಲಿ, ಸುತ್ತಮುತ್ತ ಬೆಂಕಿ ಬೇಡ.
3. ಕಾರಿನ ಬಣ್ಣಕ್ಕೆಂದೇ ಮಾರುವ ಟಾರ್ ರಿಮೂವರ್ ತಂದು, ಕಣ್ಣಿಗೆ ಬೀಳದ ಮೂಲೆಯಲ್ಲಿ ಪರೀಕ್ಷಿಸಿ. ಹೊಸದಾಗಿ ಪೇಂಟ್ ಮಾಡಿಸಿದ ಭಾಗವಾದರೆ ಪೇಂಟರನ್ನು ಕೇಳದೆ ಮುಟ್ಟಬೇಡಿ.
4. ಚುಕ್ಕೆಯ ಮೇಲೆ ಹಚ್ಚಿ, ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಬಿಡಿ. ಕೆಲಸ ಮಾಡುವುದು ಸಮಯ, ತೋಳಿನ ಬಲ ಅಲ್ಲ. ಒಣಗಲು ಬಿಡಬೇಡಿ.
5. ಮೆತ್ತನೆಯ ಬಟ್ಟೆಯಲ್ಲಿ ಒತ್ತದೆ ಒರೆಸಿ, ಪ್ರತಿ ಸಲ ಬಟ್ಟೆಯ ಹೊಸ ಮಗ್ಗುಲು ತಿರುಗಿಸಿ. ಬ್ಲೇಡು, ಉಗುರು, ಸ್ಕ್ರಬ್ಬರ್ ಬೇಡವೇ ಬೇಡ.
6. ಮತ್ತೆ ಶಾಂಪೂ ಹಾಕಿ ತೊಳೆದು, ವ್ಯಾಕ್ಸ್ ಹಚ್ಚಿ.

ಪೆಟ್ರೋಲೂ ಚುಕ್ಕೆ ತೆಗೆಯುತ್ತದೆ, ಸುಳ್ಳಲ್ಲ. ಆದರೆ ನಮ್ಮ ಅಪಾರ್ಟ್‌ಮೆಂಟುಗಳಲ್ಲಿ ಆ ಬಟ್ಟೆ ಹಿಡಿಯುವುದು ಬಹುತೇಕ ಕಾರಿನ ಯಜಮಾನನಲ್ಲ. ಬೆಳಗಿನ ಆರು ಗಂಟೆಗೆ ಬಂದು ತಿಂಗಳ ಲೆಕ್ಕದಲ್ಲಿ ಹತ್ತಾರು ಕಾರು ತೊಳೆಯುವ ಹುಡುಗ. 'ಸ್ವಲ್ಪ ಪೆಟ್ರೋಲ್ ಹಾಕಿ ಒರೆಸಪ್ಪಾ' ಅಂದರೆ ಅವನು ಬರಿಗೈಯಲ್ಲೇ ಒರೆಸುತ್ತಾನೆ. ಹಾಗೆಯೇ ರಸ್ತೆಗೆ ಆ ಡಾಂಬರು ಸುರಿಯುವವರನ್ನು ನೋಡಿದ್ದೀರಲ್ಲ, ಕಾಲಿಗೆ ಗೋಣಿತಾಟು ಸುತ್ತಿಕೊಂಡು, ಮುಖಕ್ಕೆ ಟವೆಲ್ ಕಟ್ಟಿಕೊಂಡು ಹೊಗೆಯ ನಡುವೆ ನಿಂತಿರುತ್ತಾರೆ. ಅವರ ಕೈಗೆ ಅಂಟಿದ್ದು ಸಂಜೆ ಹೇಗೆ ಹೋಗುತ್ತದೆ ಅಂತ ನಮ್ಮ ಕ್ಯಾಂಟೀನಿನ ಏಳು ಉತ್ತರಗಳಲ್ಲಿ ಒಂದೂ ಹೇಳುವುದಿಲ್ಲ.

ನೂರು ವರ್ಷಗಳಲ್ಲಿ ಕಾರಿನ ಬಣ್ಣ ನಾಲ್ಕೈದು ಸಲ ಚರ್ಮ ಬದಲಿಸಿ ಗಟ್ಟಿಯಾಗಿದೆ. ಮನುಷ್ಯನ ಚರ್ಮ ಮಾತ್ರ ಹಳೇ ವರ್ಷನ್ನೇ. ಆದ್ದರಿಂದ ನನ್ನ ವಿನಂತಿ ಇಷ್ಟು: ಮುಂದಿನ ಸಲ ಟಾರ್ ರಿಮೂವರ್ ಕೊಳ್ಳುವಾಗ ಜೊತೆಗೆ ಎರಡು ಜೊತೆ ಗ್ಲೌಸೂ ತನ್ನಿ. ಒಂದು ನಿಮಗೆ, ಇನ್ನೊಂದು ಆ ಹುಡುಗನಿಗೆ.

ನಿಮ್ಮ ಕಡೆ ಡಾಂಬರು ತೆಗೆಯಲು ಹಿರಿಯರು ಹೇಳುತ್ತಿದ್ದ ಬೇರೆ ಉಪಾಯ ಏನಾದರೂ ಇದ್ದರೆ ತಿಳಿಸಿ. ಯಾವ ಕಾಲದ ಬಣ್ಣಕ್ಕೆ ಹುಟ್ಟಿದ್ದು ಅಂತ ಸೇರಿ ಪತ್ತೆ ಹಚ್ಚೋಣ!